ತಮ್ಮನಿಗೆ ಕೆಂಗಣ್ಣು ಬಂದಿದೆ. ಕಪ್ಪು ಕನ್ನಡಕ ಹಾಕಿಸಿದರೆ ಮನೆಯವರಿಗೆ ಹರಡುವುದಿಲ್ಲ ಅಲ್ವಾ?

ಕನ್ನಡಕದ ಮಾತು ಬಿಡಿ. ನಾವೂ ಮೊದಲು ಬದಿಯಡ್ಕ ಪೇಟೆಯಿಂದ ಅದನ್ನೇ ತಂದಿದ್ದೆವು.

ಪೊರೆಯ ಆಪರೇಷನ್‌ಗೆ ಮುಂಚೆ ತೋರಿಸಲೆಂದು ಅಮ್ಮನನ್ನು ಮಂಗಳೂರಿನ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬೆಂಚಿನಲ್ಲಿ ನಾಲ್ಕೈದು ಜನ ಕೆಂಗಣ್ಣಿನವರು. ಎಲ್ಲರಿಗೂ ಗಲ್ಲ ಇಡಲು ಒಂದೇ ಪಟ್ಟಿ, ಕಣ್ಣಿನೊಳಗಿನ ಒತ್ತಡ ನೋಡಲು ಕಣ್ಣಿಗೇ ತಾಗಿಸುವ ಒಂದೇ ಸಾಧನ. ಎಂಟನೇ ದಿನ ಬೆಳಿಗ್ಗೆ ಅಮ್ಮನ ರೆಪ್ಪೆ ಗೀಜು ಕಟ್ಟಿ ಅಂಟಿಕೊಂಡಿತ್ತು. ಅಲ್ಲಿಂದಲೇ ಬಂತು ಅಂತ ಆಣೆ ಹಾಕಲಾರೆ. ಆದರೆ ಇಂಥ ಕೆಂಗಣ್ಣು ತರುವ ಅಡಿನೋವೈರಸ್ ತಗುಲಿದ ಮೇಲೆ ಕಾಣಿಸಿಕೊಳ್ಳಲು 5ರಿಂದ 12 ದಿನ ಬೇಕು, ಲೆಕ್ಕ ಸರಿಹೋಗುತ್ತದೆ.

ಇಲ್ಲಿಯವರೆಗೆ ನನ್ನ ತಪ್ಪಿಲ್ಲ. ತಪ್ಪು ಮದ್ದಿನ ಬಾಟ್ಲಿಯಲ್ಲಿ. ಅಮ್ಮನಿಗೆ ಡ್ರಾಪ್ಸ್ ಹಾಕುತ್ತಿದ್ದವಳು ನಾನೇ. ಹನಿ ಬೀಳುವ ಹೊತ್ತಿಗೆ ಅಮ್ಮ ಕಣ್ಣು ಮುಚ್ಚುತ್ತಿದ್ದರು, ಬಾಟ್ಲಿಯ ಮೂತಿ ರೆಪ್ಪೆಗೆ ತಾಗುತ್ತಿತ್ತು. ಒಂದು ಸಂಜೆ ನನ್ನ ಬಲಗಣ್ಣಲ್ಲಿ ಧೂಳು ಬಿದ್ದ ಹಾಗೆ ಕರಕರ. ಮನೆಯಲ್ಲೇ ಮದ್ದಿದೆ, ಸುಮ್ನೆ ಯಾಕೆ ದುಡ್ಡು ದಂಡ ಅಂತ ಅದನ್ನೇ ಬಿಟ್ಟುಕೊಂಡೆ. ಎಡಗಣ್ಣಿಗೆ ಏನೂ ಆಗಿರಲಿಲ್ಲ. ಅದಕ್ಕೂ ಎರಡು ಹನಿ! ಮುಂಜಾಗ್ರತೆಯಂತೆ. ಅದು ಆಂಟಿಬಯೋಟಿಕ್, ವೈರಸ್‌ಗೆ ನಾಟುವುದೇ ಇಲ್ಲ. ಮೂತಿಗೆ ಅಂಟಿದ್ದದ್ದು ಮಾತ್ರ ಸೀದಾ ಒಳಗೆ ಹೋಯಿತು.

ಕೆಂಪು ಎರಡು ವಾರಕ್ಕೆ ಇಳಿಯಿತು. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರದಲ್ಲಿ, ಸಣ್ಣ ಬಿಳಿ ಚುಕ್ಕೆಗಳು ಉಳಿದವು, ಎಲ್ಲವೂ ಮಂಜು ಮಂಜು. ನಾನು ಟೈಲರಿಂಗ್ ಮಾಡುವವಳು. ಮೂರು ತಿಂಗಳು ಸೂಜಿಗೆ ನೂಲು ಹಾಕಿಕೊಟ್ಟದ್ದು ಐದನೇ ಕ್ಲಾಸಿನ ಮಗಳು. ಆ ವರ್ಷದ ಓಣಂ ಹೊಲಿಗೆ ಪೂರ್ತಿ ಕೈತಪ್ಪಿತು.

ಕೆಂಗಣ್ಣು ನೋಡಿದರೆ ಬರುವುದಿಲ್ಲ ಮಾರಾಯ್ರೇ. ಕೈಯಿಂದ, ಬೈರಾಸಿನಿಂದ, ತಲೆದಿಂಬಿನಿಂದ, ಮೊಬೈಲಿನಿಂದ ಬರುತ್ತದೆ. ಒಣಗಿದ ವಸ್ತುವಿನ ಮೇಲೂ ಈ ವೈರಸ್ ವಾರಗಟ್ಟಲೆ ಬದುಕುತ್ತದೆ. ಕನ್ನಡಕ ಬೆಳಕು ಚುಚ್ಚದಿರಲು ಅಷ್ಟೇ. ಅದನ್ನು ಮೇಲೆ ಕೆಳಗೆ ಮಾಡುತ್ತಾ ಕೈ ಇನ್ನೂ ಜಾಸ್ತಿ ಕಣ್ಣಿಗೆ ಹೋಗುತ್ತದೆ. ತಮ್ಮನಿಗೆ ಬೇರೆ ಬೈರಾಸು, ಬೇರೆ ದಿಂಬು ಕೊಡಿ. ಅವನ ಮದ್ದು ಅವನಿಗೆ ಮಾತ್ರ. ಸ್ಯಾನಿಟೈಸರ್ ನಂಬಬೇಡಿ, ಸಾಬೂನು ಹಾಕಿ ಕೈ ತೊಳೆಯಿರಿ. ಎರಡು ವಾರ ಹೀಗೇ. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ನೀರು ತಂದುಕೊಟ್ಟರೆ ತೆಗೆದುಕೊಳ್ಳಿ, ಕಣ್ಣಿಗೆ ಮಾತ್ರ ಬಿಡಬೇಡಿ.

ಅಮ್ಮನ ಆಪರೇಷನ್ ಎರಡು ತಿಂಗಳು ಮುಂದೆ ಹೋಯಿತು. ಮತ್ತೆ ಹೋದಾಗ ಒತ್ತಡ ನೋಡುವ ಸಾಧನ ಹತ್ತಿರ ಬಂದದ್ದೇ ಅಮ್ಮ ಕೇಳಿದರು, “ಇದನ್ನು ತೊಳೆದಿದ್ದೀಯಾ ಮಗಳೇ?” ಸಿಸ್ಟರಿಗೆ ಸಿಟ್ಟು ಬಂತು. ಬರಲಿ.