ಸಿಹಿ ಸುಪಾರಿಯಲ್ಲಿ ಸ್ಯಾಕರಿನ್: ನಿಮ್ಮ ಪ್ರಶ್ನೆಗೆ

ತೀರ್ಥಹಳ್ಳಿ ಕಡೆಯ ಮದುವೆ ಊಟದ ನಂತರ ಮಕ್ಕಳು ಸಿಹಿ ಸುಪಾರಿ ಪೊಟ್ಟಣ ತಿಂದರು, ಅದರ ಮೇಲೆ ಸ್ಯಾಕರಿನ್ (ಸಕ್ಕರೆ ಬದಲು ಹಾಕುವ ಕೃತಕ ಸಿಹಿ) ಅಂತ ಬರೆದಿತ್ತು, ಇದಕ್ಕೆ ಕಾನೂನಲ್ಲಿ ಅವಕಾಶ ಇದೆಯಾ ಎಂದು ಕೇಳಿದ್ದೀರಿ.

ಇದೆ, ಆದರೆ ಮಿತಿಯೊಳಗೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಒಂದು ಕಿಲೋ ಸುಪಾರಿಗೆ 4 ಗ್ರಾಂ ತನಕ ಹಾಕಬಹುದು. ದೊಡ್ಡವರು ಊಟ ಆದ ಮೇಲೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಸರಿ. ಆದರೆ ಮಕ್ಕಳು ಪೊಟ್ಟಣ ಹರಿದು ಪೆಪ್ಪರ್‌ಮಿಂಟ್ ತರ ಖಾಲಿ ಮಾಡ್ತಾರೆ ಅಲ್ವಾ? ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳುವ ದಿನದ ಮಿತಿ, ದೇಹತೂಕದ ಕಿಲೋಗೆ 5 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ 100 ಮಿಲಿಗ್ರಾಂ. ನಿಯಮದ ತುದಿಮಟ್ಟದಲ್ಲಿ ಸ್ಯಾಕರಿನ್ ಇದ್ದರೆ 25 ಗ್ರಾಂ ಸುಪಾರಿಗೇ ಅಷ್ಟೂ ಮುಗಿಯುತ್ತದೆ. ಮಕ್ಕಳ ಕೈಗೆ ಸಿಗುವ ಪದಾರ್ಥಕ್ಕೆ ಇದು ತೀರಾ ಸಡಿಲ ಎಂಬುದು ನನ್ನ ಅಭಿಪ್ರಾಯ.

ಸ್ಯಾಕರಿನ್‌ಗಿಂತ ದೊಡ್ಡ ಚಿಂತೆ ಅಡಿಕೆಯದ್ದೇ. ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಬದುಕುವ ನಮ್ಮ ಮಲೆನಾಡಲ್ಲಿ ಇದನ್ನು ಹೇಳೋದು ಕಷ್ಟ. ಆದರೂ ಮಕ್ಕಳಿಗೆ ಕೊಡಬೇಡಿ.

ಪೊಟ್ಟಣದ ಹಿಂಭಾಗ ನೋಡಿ. ಕೃತಕ ಸಿಹಿ ಇದೆ, ಮಕ್ಕಳಿಗೆ ಸೂಕ್ತವಲ್ಲ ಎಂಬ ಸಾಲು, 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಇಲ್ಲದಿದ್ದರೆ ಶಿವಮೊಗ್ಗದ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಪ್ರಮಾಣದ ಬಗ್ಗೆಯೇ ಅನುಮಾನ ಇದ್ದರೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ನೀವೇ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ತಪ್ಪು ಕಂಡುಬಂದರೆ ಶುಲ್ಕ ವಾಪಸ್ ಸಿಗುತ್ತದೆ.