ತಾರಸಿ ತೋಟ, ಎರೆಹುಳು ಮತ್ತು ಒಪ್ಪದ ಅತ್ತೆ

ನೀವು ಕೇಳಿದ್ದು ಇಷ್ಟು: 30×40 ಸೈಟಿನ ಮನೆ, ನಾಲ್ಕು ಜನ. ತಾರಸಿಯಲ್ಲಿ ತರಕಾರಿ ಬೆಳೆದು, ಗೊಬ್ಬರಕ್ಕೆ ಎರೆಹುಳು ಸಾಕಿ, ಒಂದು ವರ್ಷದಲ್ಲಿ ಅಂಗಡಿ ತರಕಾರಿ ಪೂರ್ತಿ ನಿಲ್ಲಿಸಬೇಕು. ಆಗುತ್ತದಾ? ವಾಸನೆ ಬರುತ್ತದಾ? "ಮನೇಲಿ ಹುಳ ಸಾಕೋದಾ?" ಅಂತ ಅತ್ತೆ ಬೈತಾರೆ, ಅವರನ್ನು ಒಪ್ಪಿಸೋದು ಹೇಗೆ?

ಮೊದಲನೆಯದಕ್ಕೆ ಉತ್ತರ: ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ಹಟದಲ್ಲಿ ಶುರು ಮಾಡಿದವಳು. ನಮ್ಮದು ಮೈಸೂರು, ನಿಮ್ಮ ಹಾಗೇ 30×40, ಇದು ಒಂಬತ್ತನೇ ವರ್ಷ. ನಾಲ್ಕು ಜನಕ್ಕೆ ದಿನಕ್ಕೆ ಒಂದು ಕೆಜಿ ತರಕಾರಿ ಅಂದರೂ ವರ್ಷಕ್ಕೆ 365 ಕೆಜಿ ಬೇಕು. ನಾನು ಕಿತ್ತದ್ದನ್ನೆಲ್ಲ ತೂಗಿ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಮನೆಯವರಿಗೆ ಇದೊಂದು ತಮಾಷೆ. ಅತಿ ಚೆನ್ನಾಗಿ ಬಂದ ವರ್ಷ 94 ಕೆಜಿ ಆಯಿತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೊಪ್ಪು. ಟ್ಯಾಂಕು, ಸೋಲಾರ್, ಬಟ್ಟೆ ಒಣಹಾಕುವ ತಂತಿ, ಬೇಸಿಗೆಯಲ್ಲಿ ಸಂಡಿಗೆ ಹಪ್ಪಳಕ್ಕೊಂದಿಷ್ಟು ಜಾಗ, ಇಷ್ಟೆಲ್ಲ ಬಿಟ್ಟರೆ ಗಿಡಕ್ಕೆ ಉಳಿಯುವುದು ಇನ್ನೂರು ಚದರಡಿ. ಅದರಲ್ಲಿ ಈರುಳ್ಳಿ, ಆಲೂಗಡ್ಡೆ ಎಲ್ಲಿಂದ ಬರಬೇಕು ಹೇಳಿ?

ಹಾಗಾದರೆ ಸ್ವಾವಲಂಬನೆ ಎಲ್ಲಿ ಬಂತು? ನಮ್ಮ ಮನೆಯಲ್ಲಿ ಅದು ಬಂದದ್ದು ತರಕಾರಿ ಬುಟ್ಟಿಯ ಕಡೆಯಿಂದಲ್ಲ, ಕಸದ ಬುಟ್ಟಿಯ ಕಡೆಯಿಂದ. ಏಳು ವರ್ಷದಿಂದ ಕಸದ ಗಾಡಿಗೆ ಹಸಿ ಕಸ ಹೆಚ್ಚುಕಡಿಮೆ ಕೊಟ್ಟೇ ಇಲ್ಲ. ಗೊಬ್ಬರ ಅಂತ ದುಡ್ಡು ಕೊಟ್ಟು ತಂದಿಲ್ಲ. ಸೊಪ್ಪು, ಕರಿಬೇವು ಬಹುಪಾಲು ಮೇಲಿನದೇ. ನಿಮ್ಮ ಯೋಜನೆಯಲ್ಲಿ ಎರೆಹುಳು "ಗೊಬ್ಬರಕ್ಕೆ" ಅಂತ ಎರಡನೇ ಸ್ಥಾನದಲ್ಲಿದೆ. ಅದನ್ನು ಮೊದಲಿಗೆ ತನ್ನಿ. ಗಿಡ ಆಮೇಲೆ.

ನನ್ನ ಊರು ಹಾಸನದ ಕಡೆ ಹಳ್ಳಿ. ಅಲ್ಲಿ ಕಸ ಅನ್ನುವ ಪ್ರಶ್ನೆಯೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಗೆ. ಗುಡಿಸಿದ್ದು, ಬಾಚಿದ್ದು ತಿಪ್ಪೆಗೆ. ಪೇಟೆ ಮನೆಯಲ್ಲಿ ಎಮ್ಮೆ ಕಟ್ಟೋಕಾಗಲ್ಲ. ಹಾಗಾಗಿ ಹುಳ ಕಟ್ಟಿದ್ದೇನೆ ಅಂತಲೇ ಎಲ್ಲರಿಗೂ ಹೇಳೋದು.

ಆದರೆ ಎರಡು ಸಲ ಕೊಂದಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಸಲ ಅರ್ಧ ಕೆಜಿ ಹುಳ ತಂದೆ. ಅಡುಗೆಮನೆ ಕಸ ಅಂದರೆ ಅಡುಗೆಮನೆಯದೆಲ್ಲ ಅಂದುಕೊಂಡು ಮಿಕ್ಕ ಹುಳಿ, ಪಲ್ಯ, ಹಿಂಡಿದ ನಿಂಬೆ ಹೋಳು ಎಲ್ಲ ಸುರಿದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹುಳಗಳು ಟಬ್ಬಿನ ಅಂಚು ಹತ್ತಿ ನೆಲಕ್ಕೆ ಬಿದ್ದು ಒಣಗಿದ್ದವು. ಎರೆಹುಳು ಉಸಿರಾಡುವುದು ಚರ್ಮದಲ್ಲಿ. ಆ ಚರ್ಮ ಯಾವಾಗಲೂ ಒದ್ದೆ ಇರಬೇಕು. ಉಪ್ಪು ಅದರ ಮೈ ನೀರನ್ನೇ ಎಳೆದುಬಿಡುತ್ತದೆ. ಹುಳಿ, ಖಾರ, ಎಣ್ಣೆ ಯಾವುದೂ ಅದಕ್ಕೆ ಆಗಿಬರುವುದಿಲ್ಲ. ನಮಗೆ ರುಚಿ ಕೊಡೋದೆಲ್ಲ ಅದಕ್ಕೆ ವಿಷ ಅಂತ ತಿಳಿದುಕೊಳ್ಳಿ, ಲೆಕ್ಕ ಸುಲಭ.

ಎರಡನೇ ಸಲ ತಿಂಡಿ ಸರಿಯಿತ್ತು, ಜಾಗ ತಪ್ಪಿತು. ಟಬ್ಬನ್ನು ತಾರಸಿಯಲ್ಲಿ ಶೀಟಿನ ಕೆಳಗೆ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ನಾಲ್ಕು ದಿನ ತಂಗಿ ಮನೆಗೆ ಹೋಗಿ ಬಂದೆ. ಮೆಟ್ಟಿಲು ಹತ್ತುವಾಗಲೇ ಕೊಳೆತ ಮೀನಿನ ವಾಸನೆ. ಗೊಬ್ಬರದ ಒಳಗಿನ ಬಿಸಿ 35 ಡಿಗ್ರಿ ದಾಟಿದರೆ ಈ ಹುಳಗಳಿಗೆ ಉಳಿಗಾಲವಿಲ್ಲ, ಕಾದ ತಾರಸಿಯ ಮೇಲೆ ಅದು ಮಧ್ಯಾಹ್ನದೊಳಗೇ ದಾಟುತ್ತದೆ. ಅಂದಿನಿಂದ ಹುಳದ ಟಬ್ಬು ಕೆಳಗೆ, ಮೆಟ್ಟಿಲ ಅಡಿಯ ಕತ್ತಲೆಯಲ್ಲಿ. ಅವಕ್ಕೆ ಬೆಳಕೂ ಬೇಡ, ನೋಡೋಕೆ ಬರುವ ನೆಂಟರೂ ಬೇಡ.

ಹುಳ ಯಾವುದು ಅನ್ನೋದೂ ಮುಖ್ಯ. ಮಳೆ ಬಂದಾಗ ಅಂಗಳದಲ್ಲಿ ಕಾಣುವ ಎರೆಹುಳು ಹಿಡಿದು ಹಾಕಿದರೆ ಸಾಲದಾ ಅಂತ ನಮ್ಮ ಮನೆಯವರು ಕೇಳಿದ್ದರು. ಸಾಲದು. ಅವು ಮಣ್ಣಿನೊಳಗೆ ಬಿಲ ಕೊರೆದು ಬದುಕುವಂಥವು. ಟಬ್ಬಿನಲ್ಲಿ ಬೇಕಾದದ್ದು ಕೊಳೆತ ಎಲೆ, ಸಗಣಿಯ ಮೇಲ್ಪದರದಲ್ಲೇ ಇರುವ ಜಾತಿ. ನಮ್ಮಲ್ಲಿ ಮಾರಾಟಕ್ಕೆ ಸಿಗುವುದು ಹೆಚ್ಚಾಗಿ ಎರಡು: ಸಣ್ಣದಾಗಿ ಕೆಂಪಗಿರುವ ಐಸೀನಿಯಾ ಫೆಟಿಡಾ, ಮತ್ತು ಉದ್ದಕ್ಕೆ ದಪ್ಪಗಿದ್ದು ಮೈಮೇಲೆ ನೇರಳೆ ಹೊಳಪಿರುವ ಯೂಡ್ರಿಲಸ್ ಯೂಜಿನಿಯೆ. ಎರಡನೆಯದು ಆಫ್ರಿಕಾ ಮೂಲದ್ದು. 1980ರ ದಶಕದಲ್ಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಜೊತೆಯವರು ಇದರ ಮೇಲೆ ಕೆಲಸ ಮಾಡಿದ್ದರು. ನನ್ನ ಹತ್ತಿರ ಇರುವುದೂ ಇದೇ. ಬೇಗ ತಿನ್ನುತ್ತದೆ, ಚಳಿ ಜಾಸ್ತಿಯಾದರೆ ಮಾತ್ರ ಮಂಕಾಗುತ್ತದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿದರೆ ದಾರಿಯಲ್ಲೇ ಅರ್ಧ ಸತ್ತಿರುತ್ತವೆ.

ಈಗ ಟಬ್ಬು. ಐವತ್ತು ಲೀಟರಿನ ಪ್ಲಾಸ್ಟಿಕ್ ಟಬ್ಬು ಸಾಕು. ತಳದಲ್ಲಿ, ಮೇಲಂಚಿನ ಸುತ್ತ ತೂತು ಮಾಡಿಸಿ. ತಳಕ್ಕೆ ತೆಂಗಿನ ಸಿಪ್ಪೆಯ ಚೂರು, ಅದರ ಮೇಲೆ ನೆನೆಸಿದ ತೆಂಗಿನ ನಾರಿನ ಪುಡಿ, ಒಣ ಎಲೆ, ಹದಿನೈದು ದಿನ ಹಳೆಯ ಸಗಣಿ. ಹೊಸ ಸಗಣಿ ಹಾಕಬೇಡಿ, ಅದು ಕೊಳೆಯುವಾಗ ಕಾಯುತ್ತದೆ. ಮೇಲೆ ಒದ್ದೆ ಗೋಣಿತಾಟು. ತೇವ ಎಷ್ಟಿರಬೇಕು ಅಂದರೆ, ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಇಲಿ ಕಾಟ ಇದ್ದರೆ ಮೇಲೆ ಜಾಲರಿ ಬಿಗಿಯಿರಿ. ನಮ್ಮಲ್ಲಿ ಇಲಿಗಿಂತ ಕೆಂಬೂತದ ಕಾಟ ಜಾಸ್ತಿ. ಗತ್ತಿನಿಂದ ನಡೆದುಕೊಂಡೇ ಬಂದು ಗೋಣಿ ಎಳೆಯುತ್ತದೆ.

ಹೆಚ್ಚಿನವರು ಸೋಲುವುದು ಮುಂದಿನ ಹಂತದಲ್ಲಿ. ಹುಳ ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆ ಅಂತಾರೆ. ಅರ್ಧ ಕೆಜಿ ಹುಳ ಇದ್ದರೆ ಕಾಲು ಕೆಜಿ ಆಯಿತು. ನಾಲ್ಕು ಜನರ ಮನೆಯಲ್ಲಿ ಸಿಪ್ಪೆ, ತೊಟ್ಟು ಸೇರಿ ಮುಕ್ಕಾಲು ಕೆಜಿ ಸಲೀಸಾಗಿ ಬೀಳುತ್ತದೆ. ಎಲ್ಲವನ್ನೂ ದಿನಾ ಟಬ್ಬಿಗೇ ಸುರಿದರೆ ಮಿಕ್ಕ ಅರ್ಧ ಕೆಜಿ ಅಲ್ಲೇ ಕೊಳೆತು ನಾರುತ್ತದೆ. ನೀವು ಕೇಳಿದ ವಾಸನೆ ಅದು. ಅದು ಹುಳದ ವಾಸನೆಯಲ್ಲ, ನಮ್ಮ ಆತುರದ್ದು. ಆದ್ದರಿಂದ ನಾನು ಎರಡು ಹಂತ ಮಾಡಿಕೊಂಡಿದ್ದೇನೆ. ಹೊರಗೆ ಎರಡು ಹಳೆಯ ಮಣ್ಣಿನ ಮಡಕೆ. ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಅದಕ್ಕೆ ಹಾಕಿ, ಮೇಲೆ ಅಷ್ಟೇ ಒಣ ಎಲೆ. ವಾರಕ್ಕೊಮ್ಮೆ ಎರಡು ಚಮಚ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಚಿಮುಕಿಸುತ್ತೇನೆ. ಒಂದು ಮಡಕೆ ತುಂಬಿದ ಮೇಲೆ ಅದಕ್ಕೆ ಹದಿನೈದು ದಿನ ರಜೆ. ಬಿಸಿಯೆಲ್ಲ ಆರಿ ಮೆತ್ತಗೆ ಕಪ್ಪಗಾದ ಮೇಲೆ ಟಬ್ಬಿಗೆ. ಹುಳಕ್ಕೆ ಹಲ್ಲಿಲ್ಲ ನೋಡಿ, ಅರೆ ಕೊಳೆತು ಮೆತ್ತಗಾಗಿದ್ದೇ ಅದಕ್ಕೆ ಹದವಾದ ಊಟ. ಕಾಫಿ ಚರಟ, ಪುಡಿ ಮಾಡಿದ ಮೊಟ್ಟೆ ಸಿಪ್ಪೆ, ಪಪ್ಪಾಯಿ ಸಿಪ್ಪೆ ಎಲ್ಲ ಸರಿ. ಮಿಕ್ಕ ಅನ್ನ ಒಂದು ಹಿಡಿಗಿಂತ ಜಾಸ್ತಿ ಬೇಡ.

ಬಾಳೆ ಅಂದರೆ ಮಾತ್ರ ಅವಕ್ಕೆ ಹಬ್ಬವೇ. ಇಲ್ಲಿ ಆಯುಧಪೂಜೆಯ ಮರುದಿನ ಬೀದಿ ತುಂಬ ಬಾಳೆಕಂದು ಬಿದ್ದಿರುತ್ತದೆ. ಗಾಡಿಗೆ, ಗೇಟಿಗೆ ಕಟ್ಟಿದ್ದು. ಅಕ್ಕಪಕ್ಕದ ಮನೆಯವರು ಈಗ ತಾವಾಗಿಯೇ ನಮ್ಮ ಗೇಟಿನ ಹತ್ತಿರ ತಂದು ಹಾಕುತ್ತಾರೆ. ಗೇಣುದ್ದ ಕತ್ತರಿಸಿ ಸೀಳಿ ಟಬ್ಬಿನ ಮೇಲೆ ಮಲಗಿಸಿ. ವಾರ ಬಿಟ್ಟು ಪದರ ಬಿಡಿಸಿದರೆ ಒಳಗೆ ಹುಳ ಗೊಂಚಲು ಗೊಂಚಲು.

ಇರುವೆ ಬಂದರೆ ಟಬ್ಬು ಒಣಗಿದೆ ಅಂತ ಅರ್ಥ, ನೀರು ಚಿಮುಕಿಸಿ. ಟಬ್ಬನ್ನು ನಾಲ್ಕು ಇಟ್ಟಿಗೆಯ ಮೇಲಿಟ್ಟು, ಇಟ್ಟಿಗೆಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಿ ಹೊಸದು ಹಾಕಿ, ಇಲ್ಲದಿದ್ದರೆ ಇರುವೆ ಓಡಿಸಿ ಡೆಂಗಿ ಸೊಳ್ಳೆ ಸಾಕಿದ ಹಾಗಾಗುತ್ತದೆ. ಕೆಳಗೆ ಕಪ್ಪು ನೀರು ತೊಟ್ಟಿಕ್ಕುತ್ತಿದ್ದರೆ ಟಬ್ಬು ಜಾಸ್ತಿ ಒದ್ದೆಯಾಗಿದೆ, ಒಣ ಎಲೆ ಬೆರೆಸಿ. ಆ ಕಪ್ಪು ನೀರನ್ನೇ ಎರೆಜಲ ಅಂತ ಬಾಟಲಿಗೆ ಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂರ್ತಿ ಪಕ್ವವಾದ ಗೊಬ್ಬರದ ಮೇಲೆ, ಹುಳ ಇರುವಾಗಲೇ, ನಿಧಾನಕ್ಕೆ ನೀರು ಇಳಿಸಿ ಹಿಡಿದದ್ದು ಎರೆಜಲ. ಅದರಲ್ಲಿ ನಾತ ಇರುವುದಿಲ್ಲ. ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ ಗಿಡಕ್ಕೆ ಸಿಂಪಡಿಸಿ.

ಎರಡು ತಿಂಗಳಲ್ಲಿ ಮೇಲ್ಪದರ ಟೀ ಪುಡಿಯ ಹಾಗೆ ಉದುರು ಉದುರಾಗುತ್ತದೆ. ನಾಲ್ಕು ದಿನ ನೀರು ನಿಲ್ಲಿಸಿ. ಬೆಳಕಿನಲ್ಲಿ ಒಂದು ಹಾಳೆಯ ಮೇಲೆ ಗೋಪುರ ಮಾಡಿ ಸುರಿದರೆ ಹುಳ ಬೆಳಕಿಗೆ ಹೆದರಿ ತಳ ಸೇರುತ್ತವೆ. ಮೇಲಿನಿಂದ ಬಾಚಿಕೊಂಡು ಜರಡಿ ಹಿಡಿಯಿರಿ. ಸಾಸಿವೆಗಿಂತ ಸ್ವಲ್ಪ ದೊಡ್ಡ, ಕಂದು ಬಣ್ಣದ ಕಾಳು ಕಂಡರೆ ಎಸೆಯಬೇಡಿ, ಅವು ಮೊಟ್ಟೆಯ ಗೂಡು. ನಮಗೆ ತಿಂಗಳಿಗೆ ಏಳೆಂಟು ಕೆಜಿ ಗೊಬ್ಬರ ಸಿಗುತ್ತದೆ.

ಇನ್ನು ಗಿಡ. ಇದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಗೊಬ್ಬರ ಸರಿಯಾದರೆ ಅರ್ಧ ಕೆಲಸ ಆದ ಹಾಗೆ. ಮೊದಲ ವರ್ಷ ಟೊಮೆಟೊ, ಕ್ಯಾಪ್ಸಿಕಂ ಅಂತ ಹೋಗಬೇಡಿ. ಬಸಳೆ, ಚಕ್ರಮುನಿ, ದೊಡ್ಡಪತ್ರೆ ಮೂರೂ ಕಡ್ಡಿ ಚುಚ್ಚಿದರೆ ಬರುತ್ತವೆ, ವರ್ಷಗಟ್ಟಲೆ ಕೊಡುತ್ತವೆ. ಮೆಂತ್ಯ, ಹರಿವೆ ಬಿತ್ತಿದ ತಿಂಗಳೊಳಗೆ ಸಾರಿಗೆ ಬರುತ್ತವೆ. ಅಲ್ಲಿಗೆ ಧೈರ್ಯ ಬರುತ್ತದೆ, ಆಮೇಲೆ ಬದನೆ, ಹೀರೆ. ನಾನು ಮೈಸೂರಿನ ಈರನಗೆರೆ ಬದನೆ ಬಿಟ್ಟು ಬೇರೆ ಬದನೆ ಹಾಕುವುದಿಲ್ಲ, ಇದು ಊರಿನ ಅಭಿಮಾನ ಅಷ್ಟೇ. ಹೀರೆಯಲ್ಲಿ ಹೂ ಬಂದು ಪಿಂದೆ ಉದುರಿದರೆ ಗೊಬ್ಬರ ಕಡಿಮೆ ಅಂತ ಇನ್ನಷ್ಟು ಸುರಿಯಬೇಡಿ. ದುಂಬಿ, ಜೇನು ಬಂದಿರುವುದಿಲ್ಲ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ. ಗಂಡು ಹೂ ಕಿತ್ತು ಅದರ ಮೇಲೆ ಮೆಲ್ಲಗೆ ಸವರಿ. ಹೀರೆ ಸಂಜೆ ಅರಳುತ್ತದೆ, ಕುಂಬಳ ಬೆಳಿಗ್ಗೆ. ಹೊತ್ತು ತಪ್ಪಿದರೆ ಕೆಲಸ ಕೆಟ್ಟಿತು.

ಭಾರದ ವಿಷಯ ಮರೆಯಬೇಡಿ. ಇಪ್ಪತ್ತು ಲೀಟರಿನ ಚೀಲಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ ಮೂವತ್ತು ಕೆಜಿ ಮುಟ್ಟುತ್ತದೆ. ನಲವತ್ತು ಚೀಲ ಅಂದರೆ ಒಂದು ಟನ್ನಿಗಿಂತ ಜಾಸ್ತಿ. ಮಣ್ಣು, ನಾರಿನ ಪುಡಿ, ಗೊಬ್ಬರ ಸಮಪಾಲು ಬೆರೆಸಿದರೆ ಹಗುರ. ಭಾರದ್ದನ್ನು ತೊಲೆ, ಗೋಡೆ ಇರುವ ಕಡೆ ಸಾಲಾಗಿ ಇಡಿ, ಮಧ್ಯೆ ಅಲ್ಲ. ಚೀಲದ ಕೆಳಗೆ ಇಟ್ಟಿಗೆ ಇರಲಿ. ಹಳೆ ಮನೆಯಾದರೆ ಇಂಜಿನಿಯರನ್ನು ಒಮ್ಮೆ ಕೇಳಿ. ಬೆಂಗಳೂರಿನವರಾದರೆ, ತಾರಸಿ ತೋಟದವರೆಲ್ಲ ಸೇರುವ "ಊಟ ಫ್ರಮ್ ಯುವರ್ ತೋಟ" ಅನ್ನುವ ಸಂತೆ ನಡೆದಾಗ ಒಂದು ಸುತ್ತು ಹಾಕಿ ಬನ್ನಿ. ಬೀಜವೂ ಸಿಗುತ್ತದೆ, ನಮ್ಮಂಥ ಮಾತುಗಾರರೂ ಸಿಗುತ್ತಾರೆ.

ಬೀಜ ಅಂದಾಗ ನೆನಪಾಯಿತು. ಅಂಗಡಿಯ ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಮತ್ತೆ ಅದೇ ಥರ ಬರುವುದಿಲ್ಲ. ನಾಟಿ ಬೀಜ ಹುಡುಕಿ. ಗಿಡಕ್ಕೊಂದು ಒಳ್ಳೆ ಕಾಯಿಯನ್ನು ಬಲಿಯೋಕೆ ಬಿಟ್ಟು, ನೆರಳಲ್ಲಿ ಒಣಗಿಸಿ, ಒಲೆ ಬೂದಿ ಸಿಕ್ಕರೆ ಅದರಲ್ಲಿ ಹೊರಳಿಸಿ ಇಡಿ. ನಮ್ಮ ಹೀರೆ ಬೀಜ ನನ್ನ ಅಮ್ಮನ ಮನೆಯಿಂದ ಬಂದದ್ದು, ಇವತ್ತಿನವರೆಗೆ ಒಂದು ಪೊಟ್ಟಣ ಕೊಂಡಿಲ್ಲ.

ಅತ್ತೆಯ ವಿಷಯ. ನನ್ನ ಅತ್ತೆ ಒಂಬತ್ತು ವರ್ಷವಾದರೂ ಒಪ್ಪಿಲ್ಲ. ಮೆಟ್ಟಿಲ ಕೆಳಗೆ ಕಾಲಿಡುವುದಿಲ್ಲ. "ಆ ಹುಳದ ಕೈಯಲ್ಲಿ ಒಗ್ಗರಣೆ ಹಾಕಬೇಡ" ಅಂತ ಈಗಲೂ ಅಂತಾರೆ. ನಾನೂ ಒಪ್ಪಿಸಲು ಹೋಗಿಲ್ಲ. ಟಬ್ಬಿಗೆ ಒಂದು ಜೊತೆ ಗ್ಲೌಸ್ ಇಟ್ಟೆ, ಅಡುಗೆಮನೆಗೆ ಬರುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತೇನೆ. ಆದರೆ ಸಿಪ್ಪೆ ಬುಟ್ಟಿಯ ಯಜಮಾನಿಕೆ ಯಾವಾಗಲೋ ಅವರ ಕೈಗೆ ಹೋಗಿದೆ. ಮೊನ್ನೆ ನನ್ನ ಮಗ ಶರಬತ್ತು ಮಾಡಿ ನಿಂಬೆ ಹೋಳನ್ನು ಅದಕ್ಕೆ ಹಾಕಿದ್ದಕ್ಕೆ, "ಸಾಯ್ತಾವಲ್ಲೋ ಅವು!" ಅಂತ ನಡುಮನೆಯವರೆಗೂ ಕೇಳುವ ಹಾಗೆ ಕೂಗಿದರು.

ಹುಳ ತರುವ ಮೊದಲು ಎರಡು ಚೀಲ ಒಣ ಎಲೆ ಕೂಡಿಡಿ. ಬೇಸಿಗೆ ಮುಗಿದು ಒಂದೆರಡು ಮಳೆ ಬಿದ್ದ ಮೇಲೆ ತನ್ನಿ, ಆಗ ಅವು ಬೇಗ ಹೊಂದಿಕೊಳ್ಳುತ್ತವೆ. ಎಲೆ ಮಾತ್ರ ಫೆಬ್ರವರಿ, ಮಾರ್ಚ್‌ನಲ್ಲೇ, ಮರಗಳು ಉದುರಿಸುವಾಗ ಗುಡಿಸಿ ತುಂಬಿಕೊಳ್ಳಿ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಏಳರೊಳಗೆ ಹೋಗಬೇಕು. ತಡವಾದರೆ ಯಾರಾದರೂ ರಾಶಿ ಮಾಡಿ ಬೆಂಕಿ ಹಚ್ಚಿರುತ್ತಾರೆ.