ವಾಚು-ವಿಚಾರ: ದೊಡ್ಡಪ್ಪನ ಕಿಂಗ್ ಸೀಕೋ

ಪ್ರಶ್ನೆ: ಬೊಂಬಾಯಿಯಲ್ಲಿದ್ದ ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಕೀ ಕೊಡುವ ಕಿಂಗ್ ಸೀಕೋ ವಾಚು ಸಿಕ್ಕಿತು. ಹಿಂಬದಿಯಲ್ಲಿ 45-7001 ಎಂದಿದೆ, ಸೀರಿಯಲ್ ನಂಬರು 96ರಿಂದ ಶುರು. ಗೀರು ಹೋಗಲು ಪಾಲಿಶ್ ಮಾಡಿಸಲೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬೇಡ ಮಾರಾಯ್ರೆ! ಆ ಕೇಸಿನ (ವಾಚಿನ ಹೊರಕವಚದ) ಚೂಪು ಅಂಚುಗಳೇ ಅದರ ಚಂದ. ಹೊಳಪಿನ ಆಸೆಗೆ ಬಿದ್ದು ನಾನೊಮ್ಮೆ ಇಲ್ಲೇ ಉಡುಪಿಯಲ್ಲಿ ಒಂದು ವಾಚನ್ನು ಸವೆದ ಸಾಬೂನಿನ ಹಾಗೆ ಮಾಡಿಕೊಂಡಿದ್ದೇನೆ. ಸೀರಿಯಲ್ಲಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ನಿಮ್ಮದು 1969ರ ಜೂನಿನದು. ಗಂಟೆಗೆ 36,000 ಬಡಿತದ ಯಂತ್ರ ಅದು, ನಮ್ಮ ಎಚ್‌ಎಂಟಿ ಜನತಾದ್ದು 18,000. ಇಷ್ಟು ಜೋರಾಗಿ ಓಡುವ ವಾಚಿನಲ್ಲಿ ಎಣ್ಣೆ ಒಣಗಿದ್ದರೆ ಸವೆತ ಬೇಗ. ಮೊದಲು ಸರ್ವಿಸ್, ಆಮೇಲೆ ಕೀ. ಆಟಿಯ ಮಳೆಯಲ್ಲಂತೂ ಕಟ್ಟಲೇಬೇಡಿ, ನೀರು ಒಳಹೋಗದಂತೆ ತಡೆಯುವ ಹಳೆಯ ಗ್ಯಾಸ್ಕೆಟ್ಟನ್ನು ನಂಬುವ ಹಾಗಿಲ್ಲ.